ನೋಟ ನೆಲೆಸಬೇಕಾದ ತಾಣ

ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ತಮ್ಮ ಮಗನನ್ನು ನಮ್ಮಲ್ಲಿಗೆ ಕರೆತಂದರು. ಇರುಳೆಲ್ಲ ಬ್ಯಾರನ್ ಕಾಯುವುದು, ಸಂಜೆ ಪಟ್ಟಣದಲ್ಲಿ ಪೂಲ್ ಆಡುವುದು. ಹುಡುಗನ ಕಣ್ಣುಗಳು ಕೆಂಪಾಗಿ ಉರಿಯುತ್ತಿದ್ದವು. ‘ಆ ಆಟ ಬಿಡಿಸಿ, ಡಾಕ್ಟರೇ’ ಎಂಬುದು ತಂದೆಯ ಕೋರಿಕೆ. ‘ಹೊಡೆಯುವಾಗ ಕಣ್ಣನ್ನು ಎಲ್ಲಿಡಬೇಕೆಂದೇ ತಿಳಿಯದು’ ಎಂಬುದು ಮಗನ ಅಳಲು. ಮಗನ ಮಾತನ್ನು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ.

ಸಮೀಪದ ವಸ್ತುವನ್ನೂ ದೂರದ ವಸ್ತುವನ್ನೂ ಕಣ್ಣು ಏಕಕಾಲಕ್ಕೆ ಸ್ಫುಟವಾಗಿ ಕಾಣಲಾರದು. ಆದುದರಿಂದ ಆಟಗಾರನು ನಿಂತಿರುವಾಗಲೇ ಗುರಿಚೆಂಡಿನ ಯಾವ ಬಿಂದುವಿಗೆ ತಾಕಿಸಬೇಕೆಂದು ನಿಶ್ಚಯಿಸಬೇಕು. ಬಾಗಿದ ಬಳಿಕ ಕೋಲಿನ ತುದಿ ಬಿಳಿ ಚೆಂಡಿಗೆ ನೇರವಾಗಿದೆಯೇ ಎಂದು ಪರೀಕ್ಷಿಸಬೇಕು. ನೋಟವು ಎರಡು ಮೂರು ಬಾರಿ ಎರಡೂ ಚೆಂಡುಗಳ ನಡುವೆ ಹೋಗಿ ಬರಲಿ. ಆದರೆ ಕೋಲು ಮುಂದೆ ಚಲಿಸುವ ಗಳಿಗೆಯಲ್ಲಿ ಅದು ಗುರಿಚೆಂಡಿನ ಆ ಬಿಂದುವಿನಲ್ಲಿಯೇ ನೆಲೆಸಿರಬೇಕು. ಹೊಡೆತ ಮುಗಿಯುವವರೆಗೆ ತಲೆ ಎತ್ತಬಾರದು. ಇದು ಬಹುತೇಕ ಪರಿಣತರ ರೂಢಿ. ಆಟವನ್ನು ಆರಂಭಿಸುವ ಬಿರುಸಿನ ಹೊಡೆತದಲ್ಲಿ ಬಿಳಿ ಚೆಂಡನ್ನೇ ಕೊನೆಗೆ ನೋಡುವವರೂ ಉಂಟು.

ಕ್ರಿಯೆಗೆ ಮುನ್ನ ಗುರಿಯ ಮೇಲೆ ನಿಲ್ಲುವ ಈ ಅಂತಿಮ ನೋಟವನ್ನು ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ ‘ಶಾಂತ ನೇತ್ರ’ ಎಂಬರ್ಥದ ಹೆಸರಿನಿಂದ ಕರೆದರು. ನುರಿತವರಲ್ಲಿ ಅದು ಹೆಚ್ಚು ಕಾಲ ನಿಲ್ಲುತ್ತದೆ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತ ಭಕ್ತರಿಗೆ ಇದು ಹೊಸ ಮಾತಲ್ಲ. ಪೂಜೆಗೂ ಆಟಕ್ಕೂ ಹೋಲಿಕೆ ಸಲ್ಲದು. ಆದರೆ ಕಣ್ಣು ಅಲೆದರೆ ಮನಸ್ಸೂ ಅಲೆಯುತ್ತದೆ ಎಂಬುದು ಎರಡೆಡೆಯೂ ಸತ್ಯ.

ಹಾಗಾದರೆ ಹುಡುಗನ ಕಣ್ಣು ಕೆಟ್ಟದ್ದೇಕೆ? ಇಂದ್ರಿಯಗಳ ಅತಿಯೋಗ, ಅಯೋಗ, ಮಿಥ್ಯಾಯೋಗಗಳು ರೋಗಕಾರಣವೆಂದು ಚರಕಾಚಾರ್ಯರು ಹೇಳಿದ್ದಾರೆ. ಎವೆಯಿಕ್ಕದೆ ನೋಡುವಾಗ ಕಣ್ಣಿನ ತೇವ ಆರುತ್ತದೆ. ಬ್ಯಾರನ್ನಿನ ಬಿಸಿ, ನಿದ್ರಾಭಂಗ, ಆಟದ ಕೋಣೆಯ ಸಿಗರೇಟಿನ ಹೊಗೆ ಇವು ಕೂಡಿದರೆ ಉರಿ ತಪ್ಪದು. ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಬೆಳೆಗಾರರ ಮನೆಗಳಲ್ಲೂ ಇದೇ ಸ್ಥಿತಿ. ಬ್ಯಾರನ್ ಕಾಯುವ ತಂದೆಯ ಕಣ್ಣೂ ಅಂದು ಕೆಂಪಾಗಿಯೇ ಇತ್ತು. ಅದಕ್ಕೆ ಯಾವ ಆಟವನ್ನು ದೂರೋಣ?

ಈ ಆಟವೆಲ್ಲ ದುಶ್ಚಟವೆಂಬ ಹಿರಿಯರ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರು 2003ರಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. 2018ರಲ್ಲಿ ಪದ್ಮಭೂಷಣ ಪಡೆದರು. ಬಿಡಬೇಕಾದುದು ಹೊಗೆ, ಪಣ, ಸರಿರಾತ್ರಿಯ ಜಾಗರಣೆ.

ಪ್ರತಿ ಹೊಡೆತದ ಬಳಿಕ ನಾಲ್ಕಾರು ಬಾರಿ ಎವೆಯಿಕ್ಕಿ ದೂರಕ್ಕೆ ನೋಡಬೇಕು. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಬೇಕು. ಪಾದಾಭ್ಯಂಗವು ಕಣ್ಣಿಗೆ ಹಿತವೆಂದು ಶಾಸ್ತ್ರ ಹೇಳುತ್ತದೆ. ಬೇರೆಯವರ ಮಾತು ಕೇಳಿ ಕಣ್ಣಿಗೆ ರಸ, ಜೇನು ಹಾಕಬಾರದು. ನೋವು, ಮಸುಕು ಇದ್ದರೆ ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು.

ಬ್ಯಾರನ್ ಕಾವಲನ್ನು ಸರದಿಯಂತೆ ಹಂಚಿಕೊಳ್ಳಿರೆಂದು ತಂದೆಮಗನಿಬ್ಬರಿಗೂ ಹೇಳಿ ಕಳುಹಿಸಿದೆವು. ನಿದ್ದೆ ಬಂದ ಕಣ್ಣಿಗೆ ಗುರಿ ಎಲ್ಲಿದ್ದರೂ ಕಾಣದು.