ಯುಕ್ತಿವಂತ ಮಕ್ಕಳ ಸ್ವಭಾವವನ್ನು ಕುರಿತು



ಈ ಸ್ಮರಣ ಸಂಚಿಕೆಗಾಗಿ ನಮ್ಮಿಂದ ಒಂದು ಲೇಖನವು ಬರಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಪರೀಕ್ಷೆಯ ಫಲಿತಾಂಶಗಳನ್ನೂ ಹೊಸ ಕೋಣೆಗಳ ವಿಚಾರವನ್ನೂ ಬರೆಯಬಹುದೆಂದು ಮೊದಲು ಎಣಿಸಿದೆವು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಹೇಗೂ ಬರುವುವು. ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟುಕೊಂಡಿರುವ ಬೇರೊಂದು ಸಂಗತಿಯುಂಟು. ಅದನ್ನು ಇಲ್ಲಿ ಹೇಳಿಬಿಡುವುದೇ ಲೇಸೆಂದು ತೋರಿತು. ಅದು ನಮ್ಮ ತಪ್ಪಿನಿಂದಲೇ ಆರಂಭವಾಗುವುದು.

ದಾಂಡೇಲಿಯ ಸೀಮೆಯ ಮಳೆಗಾಲವನ್ನು ವಾಚಕರಿಗೆ ನಾವು ವರ್ಣಿಸಬೇಕಾಗಿಲ್ಲ. ಕೆಲವು ವರ್ಷಗಳ ಕೆಳಗೆ ಅಂಥದೊಂದು ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯ ಕೋಣೆಯ ಹಂಚು ಒಡೆದು ನೀರು ಸೋರುತ್ತಿದ್ದಿತು. ಕೆಳಗೆ ಇಟ್ಟ ಬಕೀಟಿನಲ್ಲಿ ಹನಿಯು ಟಪ್ಪ ಟಪ್ಪನೆ ಬಿದ್ದು, ಉಪಾಧ್ಯಾಯಿನಿಯ ಮಾತು ಹಿಂದಿನ ಬೆಂಚಿಗೆ ಕೇಳಿಸದು. ಸಿಡಿದ ನೀರಿನಿಂದ ಮುಂದಿನ ಬೆಂಚಿನವರ ಪುಸ್ತಕಗಳು ತೊಯ್ಯುವುವು. ಒಂದು ದಿನ ನಾವು ಅತ್ತ ಹೋದಾಗ ಸದ್ದೇ ಇರಲಿಲ್ಲ. ನೋಡಿದರೆ, ಸೋರುವ ಸ್ಥಳದ ಪಕಾಸಿಗೆ ಒಂದು ಸೆಣಬಿನ ಹುರಿಯನ್ನು ಕಟ್ಟಿ ಅದರ ತುದಿಯನ್ನು ಬಕೀಟಿನೊಳಕ್ಕೆ ಇಳಿಬಿಟ್ಟಿದ್ದರು. ನೀರು ಹುರಿಯ ಮೈಯನ್ನು ಹಿಡಿದುಕೊಂಡು ಸದ್ದಿಲ್ಲದೆ ಇಳಿಯುತ್ತಿದ್ದಿತು. ಹದಿನಾಲ್ಕು ವರುಷದ ಒಬ್ಬ ಹುಡುಗಿಯು ಬೆಂಚಿನ ಮೇಲೆ ಬೆಂಚನ್ನಿಟ್ಟು ಹತ್ತಿ ಈ ಕೆಲಸ ಮಾಡಿದ್ದಳು. ಅಂದು ಅವಳು ಗಣಿತದ ಲೆಕ್ಕಗಳನ್ನು ಮಾಡಿ ತಂದಿರಲಿಲ್ಲ. ಹೊಲಿಗೆಯ ವಸ್ತ್ರವೂ ಅರ್ಧಕ್ಕೇ ನಿಂತಿದ್ದಿತು. ಬೆಂಚು ಹತ್ತಿದ್ದಕ್ಕಾಗಿ ನಾವು ಅವಳನ್ನು ಗದರಿಸಿದೆವು; ಹುರಿಯನ್ನು ಮಾತ್ರ ಬಿಚ್ಚಿಸಲಿಲ್ಲ. ವರ್ಷದ ಕೊನೆಗೆ ಅವಳ ಪ್ರಗತಿಪತ್ರದಲ್ಲಿ, “ಬುದ್ಧಿಯುಂಟು. ಆದರೆ ಚಂಚಲೆ. ಹಿಡಿದ ಕೆಲಸವನ್ನು ಮುಗಿಸುವುದಿಲ್ಲ” ಎಂದು ನಮ್ಮ ಕೈಯಿಂದಲೇ ಬರೆದು ರುಜು ಹಾಕಿದೆವು.

ಜೂನ್ ತಿಂಗಳಲ್ಲಿ ಅವಳು ಶಾಲೆಗೆ ಬರಲಿಲ್ಲ. ಕರೆಸಿ ಕೇಳಿದಾಗ ಅವಳ ತಂದೆಯು, “ಅಕ್ಕೋರೇ, ಹುಡುಗಿ ಚಂಚಲ ಅಂತ ನೀವ ಬರದೀರಲ್ರಿ. ಇನ್ನ ಓದಿಸಿ ಏನ್ ಮಾಡೋದೈತಿ?” ಎಂದನು. ಅವನಿಗೆ ಬೇರೆ ಕಾರಣಗಳೂ ಇದ್ದಿರಬಹುದು. ನೆಪವನ್ನು ಕೊಟ್ಟವರು ಮಾತ್ರ ನಾವೇ.

ಅಂದಿನಿಂದ, ಹೊಸ ಹೊಸ ಯುಕ್ತಿಗಳನ್ನು ಹೂಡುವ ಜನರ ಸ್ವಭಾವವು ಎಂಥದೆಂಬುದನ್ನು ಸಿಕ್ಕಿದ ಪುಸ್ತಕಗಳಿಂದಲೂ ಕಣ್ಣೆದುರಿನ ಜನರಿಂದಲೂ ತಿಳಿಯಲು ನಾವು ಪ್ರಯತ್ನಿಸುತ್ತ ಬಂದಿರುವೆವು. ಹಾಗೆ ತಿಳಿದುಕೊಂಡುದರಲ್ಲಿ ನಮ್ಮನ್ನು ಹೆಚ್ಚು ನಾಚಿಸಿದ ವಿಷಯವೇನೆಂದರೆ, ಅಂಥವರ ಗುಣಗಳಲ್ಲಿ ಅನೇಕವನ್ನು ನಾವು ಪ್ರಗತಿಪತ್ರಗಳಲ್ಲಿ ದೋಷಗಳೆಂದು ಬರೆಯುತ್ತಿರುವೆವೆಂಬುದು.

ಹಳಿಯಾಳದಿಂದ ಧಾರವಾಡದ ದಾರಿ ಹಿಡಿದು ಹುಬ್ಬಳ್ಳಿಯನ್ನು ದಾಟಿದರೆ ಅಣ್ಣಿಗೇರಿಯು ಸಿಕ್ಕುವುದು. ಆ ಊರಿನ ಕೃಷಿಕರಾದ ಶ್ರೀ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದುದನ್ನು ಅನೇಕರು ಬಲ್ಲಿರಿ. ಬಿತ್ತುವ ಕೂರಿಗೆ, ಹುಣಸೆಯ ಬೀಜ ಬಿಡಿಸುವ ಯಂತ್ರ ಮುಂತಾದ ಹಲವು ಸಾಧನಗಳನ್ನು ಅವರು ನಿರ್ಮಿಸಿದರು. ಆದರೆ ಅವರ ಮೊದಲನೆಯ ಯುಕ್ತಿಯು ನಗು ಬರಿಸುವಂಥದು. ಬೆಳಿಗ್ಗೆ ಅಲಾರಮ್ ಬಾರಿಸಿದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲವಂತೆ. ಆಗ ಗಡಿಯಾರದ ಕೀಲಿಗೆ ಒಂದು ದಾರವನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಬಿಗಿದರು. ಅಲಾರಮ್ ಬಾರಿಸಿ ಕೀಲಿಯು ತಿರುಗುತ್ತಲೇ ದಾರವು ಸುತ್ತಿಕೊಂಡು, ಬಾಟಲಿಯು ಬಾಗಿ, ನೀರು ಮುಖದ ಮೇಲೆ ಬೀಳುವುದು! ನಮ್ಮ ವಸತಿಗೃಹದಲ್ಲಿ ಯಾವ ಹುಡುಗಿಯಾದರೂ ಹೀಗೆ ಮಾಡಿದ್ದರೆ ಹಾಸಿಗೆ ನೆನೆಸಿದ ಅಪರಾಧಕ್ಕೆ ಅವಳಿಗೆ ಏನು ಶಿಕ್ಷೆಯಾಗುತ್ತಿದ್ದಿತೆಂಬುದನ್ನು ಹಳೆಯ ವಿದ್ಯಾರ್ಥಿನಿಯರು ಊಹಿಸಿಕೊಳ್ಳಬಲ್ಲರು.

ಈ ಸಣ್ಣ ಕಥೆಯಲ್ಲಿ ಅಂಥವರ ಮುಖ್ಯ ಗುಣವು ಅಡಗಿರುವುದು. ಉಳಿದ ನಾವು ಸಣ್ಣ ತೊಂದರೆಗಳಿಗೆ ಒಗ್ಗಿಹೋಗುವೆವು, ಅವರು ಒಗ್ಗಿಕೊಳ್ಳಲಾರರು. ಹುಣಸೆಯ ಕೆಲಸದಲ್ಲಿಯೂ ಹಾಗೆಯೇ ಆಯಿತು. ಹೊಲದ ನೀರು ಸವುಳಾಗಿದ್ದುದರಿಂದ ನಡಕಟ್ಟಿನರು ಹುಣಸೆಯನ್ನು ಬೆಳೆದರು. ಬೆಳೆದ ಹಣ್ಣಿನಿಂದ ಉಪ್ಪಿನಕಾಯಿ ಮುಂತಾದುವನ್ನು ಮಾಡಿಸಿದರು. ಬೀಜ ಬಿಡಿಸುವ ಕೆಲಸವು ಕೈಗೆ ಬಹಳ ಕಷ್ಟವೆಂದು ಕಂಡಾಗ ಯಂತ್ರವನ್ನು ಹೂಡಿದರು. ಒಂದು ತೊಂದರೆಯಿಂದ ಇನ್ನೊಂದಕ್ಕೆ ಹೋಗುವ ಈ ನಡೆಯು ಹೊರಗಿನವರಿಗೆ ಚಂಚಲತೆಯಂತೆ ಕಾಣುವುದು. ಪ್ರಯೋಗಗಳ ದೆಸೆಯಿಂದ ಅವರು ಸಾಲದ ಹೊರೆಯನ್ನೂ ಹೊರಬೇಕಾಯಿತು. ಆ ಕಾಲದಲ್ಲಿ ಊರವರೂ ಮನೆಯವರೂ ಏನೆಂದಿರಬಹುದೆಂಬುದು ಊಹಿಸಲು ಕಷ್ಟವಲ್ಲ.

ಉಪಾಧ್ಯಾಯರ ದೃಷ್ಟಿಯು ಇಂಥವರ ವಿಷಯದಲ್ಲಿ ತಪ್ಪುವುದು ನಮ್ಮ ಶಾಲೆಯಲ್ಲಿ ಮಾತ್ರ ನಡೆದುದಲ್ಲ. ಅಮೇರಿಕೆಯ ಶಿಕಾಗೋ ನಗರದಲ್ಲಿ ಗೆಟ್ಜೆಲ್ಸ್, ಜ್ಯಾಕ್ಸನ್ ಎಂಬ ಇಬ್ಬರು ವಿದ್ವಾಂಸರು ಒಂದು ಶಾಲೆಯ ಮಕ್ಕಳನ್ನು ಪರೀಕ್ಷಿಸಿ 1962ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಬುದ್ಧಿಮಾಪನದಲ್ಲಿ ಮುಂದಿದ್ದವರದು ಒಂದು ಗುಂಪು; ಹೊಸ ಕಲ್ಪನೆಗಳಲ್ಲಿ ಮುಂದಿದ್ದವರದು ಇನ್ನೊಂದು. ಪಾಠಗಳಲ್ಲಿ ಎರಡು ಗುಂಪಿನವರೂ ಸಮಾನರಾಗಿಯೇ ಇದ್ದರು. ಆದರೂ ಉಪಾಧ್ಯಾಯರು ಮೊದಲನೆಯ ಗುಂಪಿನವರನ್ನೇ ಹೆಚ್ಚಾಗಿ ಮೆಚ್ಚಿದರು. ಆ ಶಾಲೆಯ ಮಕ್ಕಳು ಸಾಮಾನ್ಯರಿಗಿಂತ ಬಹಳ ಬುದ್ಧಿವಂತರಾಗಿದ್ದುದರಿಂದ ಈ ಮಾತು ಎಲ್ಲ ಶಾಲೆಗಳಿಗೂ ಸಲ್ಲದೆಂದು ಮುಂದೆ ಕೆಲವರು ಆಕ್ಷೇಪಿಸಿದುದುಂಟು. ಇರಲಿ, ಮೆಚ್ಚಿಗೆಯ ವಿಷಯದಲ್ಲಿ ಅದು ನಮಗೆ ಸಲ್ಲುವುದೆಂದು ನಾವು ಒಪ್ಪಿಕೊಳ್ಳುವೆವು. ಹೇಳಿದಷ್ಟನ್ನು ಬರೆದುಕೊಂಡು ಬರುವ ಹುಡುಗಿಯು ದಣಿದ ಉಪಾಧ್ಯಾಯಿನಿಗೆ ಎಷ್ಟು ಪ್ರಿಯಳೆಂಬುದನ್ನು ನಾವಲ್ಲದೆ ಮತ್ತಾರು ಬಲ್ಲರು?

ಇನ್ನೊಂದು ಗುಣವುಂಟು. ಇಂಥವರು ತಮ್ಮ ಕಸುಬಿನ ಬೇಲಿಯನ್ನು ಹಾರಿ ಹೋಗುವರು. ಆ ಹುಡುಗಿಯು ಹುರಿ ಕಟ್ಟಿದ ಮಾಡಿನ ಹಂಚು ಮಂಗಳೂರು ಹಂಚು. ಅದನ್ನು ಮಾಡತೊಡಗಿದವರು ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು. ಅವರು 1851ರಲ್ಲಿ ಮಂಗಳೂರಿಗೆ ಬಂದುದು ಅಚ್ಚುಕೂಟದ ಕೆಲಸಕ್ಕಾಗಿ, ಹಂಚಿಗಾಗಿ ಅಲ್ಲ. ತರುವಾಯ ಸ್ವದೇಶಕ್ಕೆ ಹೋಗಿದ್ದಾಗ ಮಣ್ಣು ಸುಡುವ ವಿದ್ಯೆಯನ್ನು ಕಲಿತು ಬಂದು, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅಚ್ಚಿನ ಕೆಲಸದವನಿಗೆ ಮಣ್ಣಿನ ಗೊಡವೆ ಏಕೆಂದು ಅವರನ್ನು ತಡೆದಿದ್ದರೆ, ಈ ಸೀಮೆಯ ಮನೆಗಳ ಮೇಲೆ ಇನ್ನೆಷ್ಟು ಕಾಲ ಹುಲ್ಲೇ ಇರುತ್ತಿದ್ದಿತೋ ತಿಳಿಯದು.

ಇಷ್ಟು ಹೇಳಿದ ಮಾತ್ರಕ್ಕೆ, ಪಾಠ ಮಾಡದ ಹುಡುಗಿಯರೆಲ್ಲರೂ ಯುಕ್ತಿವಂತರೆಂದು ಯಾರೂ ತಿಳಿಯಬಾರದು. ಬರೀ ಸೋಮಾರಿತನವೂ ಲೋಕದಲ್ಲಿ ಧಾರಾಳವಾಗಿರುವುದು. ಎರಡನ್ನೂ ಬೇರ್ಪಡಿಸಲು ನಮಗೆ ಸಿಕ್ಕಿರುವ ಗುರುತು ಒಂದೇ: ಸೋಮಾರಿಯು ಪಾಠವನ್ನು ಬಿಟ್ಟು ಸುಮ್ಮನಿರುವಳು, ಇವಳು ಪಾಠವನ್ನು ಬಿಟ್ಟು ಇನ್ನೇನನ್ನೋ ಮಾಡುತ್ತಿರುವಳು. ಆ “ಇನ್ನೇನೋ” ಎಂಬುದನ್ನು ಹೋಗಿ ನೋಡುವ ಶ್ರಮವನ್ನು ನಾವು ತೆಗೆದುಕೊಳ್ಳಬೇಕು. ಅಲ್ಲದೆ, ಮುಗಿಸದಿರುವುದು ನಿಜವಾದ ದೋಷವೇ ಹೌದು. ಮೋಗ್ಲಿಂಗ್ ಪಂಡಿತರು 1843ರಲ್ಲಿ ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಶಾಲೆ ನಡೆಸಿದರು, ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದರು, ಆಮೇಲೆ ಕೊಡಗಿಗೆ ಹೋದರು. ಎಲ್ಲಿಯೂ ನೆಲೆನಿಂತವರಲ್ಲ. ಅವರ ತರುವಾಯ ಬಂದ ಕಿಟ್ಟೆಲರಾದರೋ ದಶಕಗಳವರೆಗೆ ಒಂದೇ ನಿಘಂಟಿಗೆ ಅಂಟಿಕೊಂಡು 1894ರಲ್ಲಿ ಅದನ್ನು ಲೋಕಕ್ಕೆ ಕೊಟ್ಟರು. ಇಬ್ಬರಲ್ಲಿ ಯಾರು ದೊಡ್ಡವರೆಂದು ಕೇಳುವುದು ವ್ಯರ್ಥ. ಆದರೆ ಯುಕ್ತಿವಂತ ಹುಡುಗಿಯ ಪಕ್ಕದ ಬೆಂಚಿನಲ್ಲಿ ಕಿಟ್ಟೆಲರ ಸ್ವಭಾವದವಳೊಬ್ಬಳನ್ನು ಕೂಡಿಸುವುದು ನಮ್ಮ ಕೈಯಲ್ಲಿರುವುದು. ಹಾಗೆ ಕೂಡಿಸಿ ನೋಡಿರುವೆವು. ಮೊದಲನೆಯ ವಾರ ಜಗಳವಾಯಿತು, ತಿಂಗಳು ಕಳೆಯುವಷ್ಟರಲ್ಲಿ ಇಬ್ಬರ ಹೊಲಿಗೆಯೂ ಮುಗಿದಿದ್ದಿತು.

ಗಂಡುಮಕ್ಕಳ ವಿಷಯದಲ್ಲಿ ಲೋಕವು ಇಷ್ಟು ಕಠಿಣವಾಗಿಲ್ಲ. ಗಡಿಯಾರ ಬಿಚ್ಚಿದ ಹುಡುಗನನ್ನು ಬೈದರೂ, ಮುಂದೆ ಇಂಜಿನೀಯರ್ ಆಗುವನೆಂದು ನೆಂಟರೆದುರಿಗೆ ಹೆಮ್ಮೆಪಡುವರು. ಹುಡುಗಿಯು ಬಿಚ್ಚಿದರೆ, “ಇವಳು ಹೋದ ಮನೆಯಲ್ಲಿ ಹೇಗೆ ಬಾಳುವಳೋ” ಎಂಬ ಮಾತು ಬರುವುದು. ಆದರೂ ಹೆಂಗಸರ ಕೈಯಿಂದ ಹೊಸತು ಹುಟ್ಟುವುದಿಲ್ಲವೆಂದು ಹೇಳುವವರು ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ತಾಯಂದಿರು ಹೊಲಿಯುವ ಕೌದಿಗಳನ್ನು ಒಮ್ಮೆ ನೋಡಬೇಕು. ಹಳೆಯ ಸೀರೆ, ಅಂಗಿಗಳ ತುಂಡುಗಳೇ ಅವರ ಸಾಮಗ್ರಿ. ನಕ್ಷೆ ಬರೆದುಕೊಳ್ಳದೆ, ಒಂದು ಮೂಲೆಯಿಂದ ಹಿಡಿದು ಅಂಚಿನ ಉದ್ದಕ್ಕೂ ಸುತ್ತುತ್ತ ನಡುವಿಗೆ ಬರುವರು. ಸಿಕ್ಕಿದ ತುಂಡಿಗೆ ತಕ್ಕಂತೆ ವಿನ್ಯಾಸವು ಬದಲಾಗುತ್ತ ಹೋಗುವುದು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ‘ಫೂಲ’ವೆಂಬ ಹೂವನ್ನು ಇಡದೆ ಕೌದಿಯು ಮುಗಿಯಿತೆನ್ನುವುದಿಲ್ಲ. ಒಂದರಂತೆ ಇನ್ನೊಂದು ಕೌದಿಯಿಲ್ಲ. ಮುಗಿಯದ ಕೌದಿಯೂ ಇಲ್ಲ, ಏಕೆಂದರೆ ಮನೆಯಲ್ಲಿ ಚಳಿಯಲ್ಲಿ ನಡುಗುವ ಮಕ್ಕಳಿರುವರು.

ಕಳೆದ ಜೂನಿನಲ್ಲಿ ಆ ಹಳೆಯ ಹುಡುಗಿಯು ತನ್ನ ಅಕ್ಕನ ಮಗಳನ್ನು ಎಂಟನೆಯ ಇಯತ್ತೆಗೆ ಸೇರಿಸಲು ಬಂದಿದ್ದಳು. ನಮ್ಮನ್ನು ಕಂಡು ನಮಸ್ಕರಿಸಿ, ಮೊದಲು ಮೇಲಕ್ಕೆ ನೋಡಿ, “ಆ ಹುರಿ ಇನ್ನೂ ಐತೇನ್ರಿ ಅಕ್ಕೋರೇ?” ಎಂದು ಕೇಳಿದಳು. ಹಂಚನ್ನು ಬದಲಾಯಿಸಿ ಬಹುದಿನವಾಯಿತೆಂದು ಹೇಳಿದೆವು. ಪ್ರಗತಿಪತ್ರದ ಮಾತನ್ನು ಅವಳು ಎತ್ತಲಿಲ್ಲ. ನಾವೇ ಎತ್ತಿ ಕ್ಷಮೆ ಕೇಳಿದೆವು. ಅವಳು ನಕ್ಕುಬಿಟ್ಟಳು, ಆ ನಗುವಿನಿಂದ ನಮಗೆ ಸಮಾಧಾನವಾಗಲಿಲ್ಲ.

ಇನ್ನು ಮುಂದೆ ಈ ಶಾಲೆಯ ಯಾವ ಪ್ರಗತಿಪತ್ರದಲ್ಲಿಯೂ ‘ಚಂಚಲೆ’ ಎಂಬ ಶಬ್ದವನ್ನು ಬರೆಯಬಾರದೆಂದು ನಿಯಮ ಮಾಡಿರುವೆವು. ಹುಡುಗಿಯು ಏನನ್ನು ಮುಗಿಸಲಿಲ್ಲ, ಆ ಹೊತ್ತಿನಲ್ಲಿ ಏನನ್ನು ಮಾಡುತ್ತಿದ್ದಳು, ಎರಡನ್ನೂ ಬರೆಯಬೇಕು. ತಾಯಿತಂದೆಗಳು ಎರಡನೆಯ ಸಾಲನ್ನೂ ಓದಬೇಕೆಂದು ಬೇಡುವೆವು. ನಾವು ಬರೆದ ಯಾವ ಮಾತಿನ ಆಧಾರದಿಂದಲೂ ಮಗಳನ್ನು ಶಾಲೆಯಿಂದ ಬಿಡಿಸುವ ಮೊದಲು ಒಂದು ಸಲ ನಮ್ಮಲ್ಲಿಗೆ ಬನ್ನಿರಿ. ಹೊಲಿಗೆಯ ಕೋಣೆಯ ಪಕ್ಕದಲ್ಲಿ ಒಂದು ಕಪಾಟನ್ನು ಇರಿಸಿ, ಶನಿವಾರದ ಕೊನೆಯ ತಾಸನ್ನು ಅದಕ್ಕೆ ಬಿಟ್ಟುಕೊಟ್ಟಿರುವೆವು. ಕೆಟ್ಟ ಗಡಿಯಾರ, ಮುರಿದ ಕೊಡೆ, ಹಳೆಯ ಹೊಲಿಗೆಯಂತ್ರದ ಭಾಗ, ತಂತಿ, ಹುರಿ, ಬಟ್ಟೆಯ ತುಂಡು, ಇವುಗಳಲ್ಲಿ ಏನಿದ್ದರೂ ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿರಿ. ಗಾಜಿನ ಸಾಮಾನು ಮಾತ್ರ ಬೇಡ.