ದರ ನೋಡುವ ಮುಂಚೆ ಮಾರುವವನನ್ನು ನೋಡಿ



ದಸರಾ, ದೀಪಾವಳಿ ಬಂತೆಂದರೆ ಮೊಬೈಲ್ ತುಂಬ ಸೇಲ್‌ಗಳು. ಕಾಲು ದರಕ್ಕೆ ಮಿಕ್ಸರ್, ಅರ್ಧ ದರಕ್ಕೆ ಇಳಕಲ್ ಸೀರೆ, ಪಕ್ಕದಲ್ಲಿ ‘ಇನ್ನು ಹತ್ತೇ ನಿಮಿಷ’ ಎಂದು ಅವಸರಪಡಿಸುವ ಗಡಿಯಾರ. ಆನ್‌ಲೈನ್ ಖರೀದಿ ಬಿಡಿ ಎಂದು ನಾವು ಹೇಳುತ್ತಿಲ್ಲ. ರೊಕ್ಕ ಹಾಕುವ ಮುಂಚೆ ಮಾರುವವನು ಯಾರು, ಎಲ್ಲಿಯವನು ಎಂದು ನೋಡಿ ಎನ್ನುತ್ತಿದ್ದೇವೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆ ತನ್ನ ಹೆಸರು, ಕಚೇರಿ ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಎದ್ದುಕಾಣುವಂತೆ ಹಾಕಲೇಬೇಕು. ಬರೀ ವಾಟ್ಸ್‌ಆ್ಯಪ್ ನಂಬರ್ ತೋರಿಸಿ ಮುಂಗಡ ಕೇಳುವವನ ಹತ್ತಿರ ಇದ್ಯಾವುದೂ ಇರುವುದಿಲ್ಲ. ವಿಳಾಸವನ್ನೂ ಸುಳ್ಳು ಬರೆಯಬಹುದಲ್ಲ ಎಂದರೆ, ಹೌದು. ಅದಕ್ಕೇ ಜಾಹೀರಾತಿನ ಲಿಂಕ್ ಒತ್ತಬೇಡಿ; ಕಂಪನಿಯ ಅಸಲಿ ಆ್ಯಪ್ ನೀವೇ ತೆರೆದು ಅದೇ ವಸ್ತು ಅದೇ ದರಕ್ಕಿದೆಯೇ ಹುಡುಕಿ. ಹೆಸರಿನಲ್ಲಿ ಒಂದಕ್ಷರ ಬದಲಿಸಿದ ನಕಲಿ ತಾಣದ ಬಣ್ಣ ಅಲ್ಲೇ ಬಯಲಾಗುತ್ತದೆ.

‘ಪಾರ್ಸೆಲ್ ಬಂದ ಮ್ಯಾಲ ರೊಕ್ಕ ಕೊಡ್ತೀವಿ, ನಮಗೇನ ಅಂಜಿಕಿ?’ ಎನ್ನುವವರಿದ್ದಾರೆ. ಆದರೆ ಬಹಳ ಸಲ ರೊಕ್ಕ ಎಣಿಸಿದ ಮೇಲೆಯೇ ಡಬ್ಬಿ ಒಡೆಯಲು ಬಿಡುವುದು. ಯಾರೂ ತರಿಸದ ಪಾರ್ಸೆಲ್‌ಗೆ ಮನೆಯ ಹಿರಿಯರು ರೊಕ್ಕ ಕೊಟ್ಟು ಕಳಿಸುವುದೂ ಉಂಟು. ವಸ್ತು ಹಾಳೆಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ಅಲ್ಲಿ ಎರಡನೆಯ ಬಲೆ. ‘ರೀಫಂಡ್ ಹಾಕ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ’ ಎನ್ನುತ್ತಾರೆ. ಯುಪಿಐ ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ರೊಕ್ಕ ಹೋಗಲು. ಬರುವ ರೊಕ್ಕಕ್ಕೆ ಪಿನ್ ಬೇಡವೇ ಬೇಡ. ಓದಿದವರು ಮೋಸ ಹೋಗುವುದಿಲ್ಲ ಎಂಬ ಮಾತೂ ಸುಳ್ಳು. 2025ರ ನವೆಂಬರ್‌ನಲ್ಲಿ ನಮ್ಮ ಬೆಳಗಾವಿಯಲ್ಲೇ ಪೊಲೀಸರು ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ 33 ಜನರನ್ನು ಬಂಧಿಸಿದರು. ಅಲ್ಲಿಂದ ಅವರು ಗಾಳ ಹಾಕುತ್ತಿದ್ದದ್ದು ಓದು, ತಂತ್ರಜ್ಞಾನದಲ್ಲಿ ಮುಂದಿರುವ ಅಮೆರಿಕದ ಜನರಿಗೇ.

‘ಐನೂರು ರೂಪಾಯಿಗೆ ಠಾಣೆ ಮೆಟ್ಟಿಲು ಯಾಕೆ?’ ಎಂಬ ಮೌನವೇ ಮೋಸಗಾರನ ಬಂಡವಾಳ. ಒಬ್ಬೊಬ್ಬರಿಂದ ಐನೂರು ಕಿತ್ತರೂ ಸಾವಿರ ಜನ ಸುಮ್ಮನಿದ್ದರೆ ಅವನಿಗೆ ಐದು ಲಕ್ಷ. ರೊಕ್ಕ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರೊಕ್ಕ ಮೋಸಗಾರನ ಖಾತೆಯಿಂದ ಮುಂದೆ ಹೋಗುವ ಮುಂಚೆ ತಡೆಹಿಡಿಯಲು ಸಾಧ್ಯವಿದೆ, ತಡವಾದಷ್ಟೂ ಕಷ್ಟ. ಮಾರಿದವರು ವಸ್ತು ಬದಲಿಸಿಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಕಾಯ್ದೆಯಂತೆ ಕಂಪನಿ ದಿಲ್ಲಿಯದಾದರೂ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು; ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಿ, 1930 ನಂಬರನ್ನು ಅವರ ಮೊಬೈಲಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ.