ನುಂಗಬಾರದ ಮಾತು

ಉಣ್ಣುವಾಗ ತುತ್ತು ನೆತ್ತಿಗೇರಿದರೆ "ಯಾರೋ ನೆನೆಸಿದರು" ಎಂದು ಮನೆಯ ಹಿರಿಯರು ತಲೆಯನ್ನು ತಟ್ಟುವರು. ಶರೀರಶಾಸ್ತ್ರವು ಬೇರೆ ಕಾರಣವನ್ನು ಹೇಳುತ್ತದೆ. ಹಸುಗೂಸಿನ ಧ್ವನಿಪೆಟ್ಟಿಗೆಯು ಗಂಟಲಿನಲ್ಲಿ ಮೇಲಕ್ಕೆ ಇರುತ್ತದೆ. ಕೂಸು ಬೆಳೆದಂತೆ ಅದು ಕೆಳಗಿಳಿಯುತ್ತದೆ. ನಾಲಗೆಯ ಹಿಂದೆ ಅವಕಾಶವು ಹೆಚ್ಚಿ, ನಾನಾ ಸ್ವರಗಳನ್ನು ಹೊರಡಿಸಲು ಅನುಕೂಲವಾಗುವುದು. ಆದರೆ ಅನ್ನವು ಶ್ವಾಸನಾಳದ ಬಾಯನ್ನು ದಾಟಿಯೇ ಹೋಗಬೇಕಾದುದರಿಂದ ದಾರಿ ತಪ್ಪುವ ಭಯವೂ ಉಂಟು.

ನಮ್ಮ ಪೂರ್ವಿಕರು ಈ ವಾದ್ಯವನ್ನು ಚೆನ್ನಾಗಿ ಗಮನಿಸಿದ್ದರು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ, ನಾಭಿಮೂಲದಿಂದೇಳುವ ಧ್ವನಿಯನ್ನು ಕಹಳೆಗೆ ಹೋಲಿಸಿರುವನು. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು, ನಮ್ಮ ಹುಬ್ಬಳ್ಳಿಯಲ್ಲಿಯೂ ಮಿಶನ್ ಸೇವೆ ಮಾಡಿದ ಕಿಟೆಲ್ ಸಾಹೇಬರು. ನಮ್ಮ ವರ್ಗಾಕ್ಷರಗಳೂ ಕಂಠದಿಂದ ಹೊರಟು ತಾಲು, ಮೂರ್ಧೆ, ದಂತಗಳನ್ನು ಹಾದು ತುಟಿಗೆ ಬರುವವು: ಕ, ಚ, ಟ, ತ, ಪ.

ಹಾಗಾದರೆ ಮಂಗವೇಕೆ ಮಾತಾಡದು? ಗಂಟಲಿನ ಆಕಾರವೇ ಅಡ್ಡಿಯೆಂದು 1969ರಲ್ಲಿ ಲೀಬರ್ಮನ್ ಮೊದಲಾದ ಪಂಡಿತರು ಬರೆದರು. 2016ರಲ್ಲಿ ಫಿಚ್ ಮೊದಲಾದವರು ಮಂಗನ ಗಂಟಲಿನ ಚಲನೆಯನ್ನು ಕ್ಷ-ಕಿರಣದಿಂದ ಪರೀಕ್ಷಿಸಿ, ಮಾತಿಗೆ ಸಾಕಾಗುವಷ್ಟು ಸ್ವರಗಳನ್ನು ಅದು ಹೊರಡಿಸಬಲ್ಲುದೆಂದೂ, ಕೊರತೆಯು ಗಂಟಲನ್ನು ಆಳುವ ಮೆದುಳಿನಲ್ಲಿದೆಯೆಂದೂ ತೋರಿಸಿದರು. ವಾದವು ಇನ್ನೂ ಮುಗಿದಿಲ್ಲ. ಆದರೂ ಗಂಟಲಿದ್ದ ಮಾತ್ರಕ್ಕೆ ಮಾತು ಬಾರದೆಂಬುದು ದಿಟವು. ಕೇಳಿ, ಆಡಿ, ತಿದ್ದಿಕೊಂಡರೇ ಮಾತು.

ನಾವು ಇದನ್ನು ಬರೆಯಲು ಕಾರಣವುಂಟು. ನಿಶ್ಶಬ್ದವಾದ ವರ್ಗವೇ ಒಳ್ಳೆಯ ವರ್ಗವೆಂದು ನಾವು ಬಹುದಿನ ನಂಬಿದ್ದೆವು. ಮನೆಗಳಲ್ಲಿಯೂ ಹೆಣ್ಣುಮಕ್ಕಳ ದನಿಯು ಹೊಸ್ತಿಲು ದಾಟಬಾರದೆಂಬ ಬುದ್ಧಿವಾದವೇ. ಅದರ ಫಲವನ್ನು ಕಂಡಿದ್ದೇವೆ: ಪರೀಕ್ಷೆಯಲ್ಲಿ ಎಲ್ಲವನ್ನೂ ಬರೆದ ಹುಡುಗಿಯು, ಎದ್ದು ಹೇಳೆಂದರೆ ನೆಲವನ್ನು ನೋಡುತ್ತಾಳೆ. ಹಳ್ಳಿಯ ಮಾತೆಂದು ಗೆಳತಿಯರು ನಕ್ಕುದಕ್ಕೆ ವರ್ಷವೆಲ್ಲ ಬಾಯಿ ತೆರೆಯದವರೂ ಇದ್ದರು. ಆಗ ಗದರಿಸಬೇಕಾದುದು ನಕ್ಕವರನ್ನು. ನಾವು ಗದರಿಸಿದ್ದು ಉತ್ತರ ಕೊಡದವಳನ್ನು. ನಾಳೆ ವೈದ್ಯರ ಮುಂದೆ ತನ್ನ ನೋವನ್ನೂ, ಕಚೇರಿಯಲ್ಲಿ ತನ್ನ ಹಕ್ಕನ್ನೂ ಹೇಳಬೇಕಾದವಳು ಅವಳೇ ಅಲ್ಲವೇ?

ಪಾಲಕರಲ್ಲಿಯೂ, ಈಗ ತಾಯಂದಿರಾದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು: ದಿನಕ್ಕೊಂದು ಪುಟವನ್ನು ಮಗಳಿಂದ ಗಟ್ಟಿಯಾಗಿ ಓದಿಸಿರಿ, ಅವಳ ಮಾತನ್ನು ನಡುವೆ ಕಡಿಯದೆ ಕೇಳಿರಿ. ಕೂಸು ತಕ್ಕ ವಯಸ್ಸಿಗೆ ಮಾತಾಡದಿದ್ದರೆ "ತಾನೇ ಬಂದೀತು" ಎಂದು ಕಾಯದೆ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದಕ್ಕಾಗಿಯೇ ಇದೆ.

ತುತ್ತು ನೆತ್ತಿಗೇರುವ ಅಪಾಯವನ್ನು ಹೊತ್ತು ಮನುಷ್ಯಕುಲವು ಪಡೆದ ಮಾತನ್ನು ನಮ್ಮ ಹೆಣ್ಣುಮಕ್ಕಳು ನುಂಗಿಕೊಳ್ಳುವುದು ಬೇಡ.